ಹೃದಯಾಘಾತದ ನಂತರ ಮಗುವಿನ ಜೊತೆ ಒಂದು ಮರದ ರೇಸ್ ಕಾರು



ಈ ಸಲ ಎಣ್ಣೆ, ಉಪ್ಪು, ಕೊಲೆಸ್ಟರಾಲ್ ಬಗ್ಗೆ ಬರೆಯುತ್ತಿಲ್ಲ. ಒಂದು ಮರದ ತುಂಡು, ನಾಲ್ಕು ಗಾಲಿ, ನಾಲ್ಕು ಮೊಳೆಯ ಬಗ್ಗೆ ಬರೆಯುತ್ತಿದ್ದೇನೆ. ಹೃದಯದ ಡಾಕ್ಟರಿಗೂ ಬಡಗಿ ಕೆಲಸಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸ್ವಲ್ಪ ಪುರುಸೊತ್ತು ಮಾಡಿಕೊಂಡು ಕೊನೆಯವರೆಗೆ ಓದಿ. ನಿಮ್ಮ ಮನೆಯಲ್ಲಾಗಲಿ ಪಕ್ಕದ ಮನೆಯಲ್ಲಾಗಲಿ ಸ್ಟೆಂಟ್ ಹಾಕಿಸಿಕೊಂಡ ಅಪ್ಪ, ಅಮ್ಮ ಅಥವಾ ಅಜ್ಜ ಇದ್ದರೆ, ಅವರ ಜೊತೆ ಚಿಕ್ಕ ಮಗುವೂ ಇದ್ದರೆ, ಇದು ನಿಮಗಾಗಿಯೇ.

ಪುಣೆಯ ನನ್ನ ಓಪಿಡಿಗೆ 42 ವರ್ಷದ ಒಬ್ಬರು ಬಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ.) ವಿಜಯಪುರ ಕಡೆಯವರು, ಹದಿನೈದು ವರ್ಷದಿಂದ ಇಲ್ಲೇ ಕೆಲಸ. ಆರು ವಾರದ ಹಿಂದೆ ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿದ್ದೆವು. ಬಿಪಿ ಹತೋಟಿಯಲ್ಲಿತ್ತು, ಎಕೋ ಚೆನ್ನಾಗಿತ್ತು, ಸಿಗರೇಟು ಬಿಟ್ಟಿದ್ದರು, ಮಾತ್ರೆ ಒಂದೂ ತಪ್ಪಿಸಿರಲಿಲ್ಲ. "ಎಲ್ಲಾ ಸರಿಯಾಗಿದೆ, ಮೂರು ತಿಂಗಳು ಬಿಟ್ಟು ಬನ್ನಿ" ಎಂದೆ. ಅವರು ಕುರ್ಚಿಯಿಂದ ಏಳಲಿಲ್ಲ.

"ಡಾಕ್ಟ್ರ, ಒಂದ್ ಮಾತು ಕೇಳತೇನಿ, ತಪ್ಪ ತಿಳಕೋಬ್ಯಾಡ್ರಿ. ನನ್ನ ಮಗಳು ನನ್ನ ಹತ್ರ ಬರೂದ ಬಿಟ್ಟಾಳ್ರೀ. ಮೊದಲ ಆಫೀಸಿಂದ ಬಂದ ಕೂಡಲೆ ಎದಿ ಮ್ಯಾಲೆ ಹತ್ತಿ ಕೂಡತಿದ್ಲು. ಈಗ ಬಾಗಲದಾಗ ನಿಂತು ನೋಡತಾಳ. ಮುಟ್ಟಾಕೂ ಅಂಜತಾಳ್ರೀ."

ಮಗಳಿಗೆ ಎಂಟು ವರ್ಷ. ಆ ರಾತ್ರಿ ಅಪ್ಪ ಬೆವರಿ ಕುಸಿದು ಕೂತದ್ದನ್ನು ಮೊದಲು ನೋಡಿದವಳು ಅವಳೇ. ಪಕ್ಕದ ಮನೆಯ ಬಾಗಿಲು ಬಡಿದು ಮರಾಠಿಯಲ್ಲಿ ಕೂಗಿ ಜನರನ್ನು ಕರೆದವಳೂ ಅವಳೇ.

ನನ್ನ ಪ್ರಿಸ್ಕ್ರಿಪ್ಷನ್ ಪ್ಯಾಡಿನಲ್ಲಿ ಇದಕ್ಕೆ ಮಾತ್ರೆ ಇರಲಿಲ್ಲ. ಒಂದು ಕೇಳಿದೆ: "ಮಗಳ ಜೊತೆ ಕೂತು ಕೈಯಾರೆ ಏನಾದರೂ ಮಾಡಿದ್ದೀರಾ? ಟಿವಿ, ಮೊಬೈಲು, ಹೋಮ್‌ವರ್ಕ್ ಬಿಟ್ಟು?" ಅವರು ಯೋಚಿಸಿ ಇಲ್ಲ ಎಂದರು. ಒಂದು ಹಾಳೆಯ ಹಿಂದೆ ಮರದ ಕಾರಿನ ಚಿತ್ರ ಬಿಡಿಸಿ ಕೊಟ್ಟೆ. "ಇದನ್ನು ಇಬ್ಬರೂ ಸೇರಿ ಮಾಡಿ. ಮೂರು ತಿಂಗಳು ಬಿಟ್ಟು ಬರುವಾಗ ತನ್ನಿ" ಎಂದೆ.

*ಈ ಕಾರು ಎಲ್ಲಿಂದ ಬಂತು?*

ಇದು ನನ್ನ ಕಲ್ಪನೆಯಲ್ಲ. ಅಮೆರಿಕದಲ್ಲಿ ಇದಕ್ಕೆ ಪೈನ್‌ವುಡ್ ಡರ್ಬಿ ಎನ್ನುತ್ತಾರೆ. 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಊರಿನಲ್ಲಿ ಡಾನ್ ಮರ್ಫಿ ಎಂಬವರು ಶುರು ಮಾಡಿದರು. ಅಲ್ಲಿ ಮಕ್ಕಳೇ ಕೂತು ಇಳಿಜಾರಿನಲ್ಲಿ ಓಡಿಸುವ ಸೋಪ್ ಬಾಕ್ಸ್ ಡರ್ಬಿ ಎಂಬ ದೊಡ್ಡ ಪಂದ್ಯವಿತ್ತು. ಅದಕ್ಕೆ ಸೇರಲು ಅವರ ಮಗನ ವಯಸ್ಸು ಸಾಲದಾಯಿತು. ಹಾಗಾಗಿ ಮನೆಯಲ್ಲೇ ಅಪ್ಪ ಮಗ ಸೇರಿ ಮಾಡಬಹುದಾದ ಪುಟ್ಟ ಮರದ ಕಾರಿನ ಪಂದ್ಯ ಕಟ್ಟಿದರು. ಇಂದಿಗೂ ಅಲ್ಲಿಯ ಕಬ್ ಸ್ಕೌಟ್ ಮಕ್ಕಳು ಇದನ್ನು ಆಡುತ್ತಾರೆ. ಅಮೆರಿಕದಲ್ಲಿರುವ ನಿಮ್ಮ ಅಣ್ಣನ ಮಕ್ಕಳನ್ನು ಕೇಳಿ ನೋಡಿ, ಗೊತ್ತಿರಬಹುದು.

ನಿಯಮ ಸರಳ. ಸುಮಾರು 18 ಸೆಂಟಿಮೀಟರ್ ಉದ್ದದ ಪೈನ್ ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಗಾಲಿ, ಅಚ್ಚಿಗೆ ನಾಲ್ಕು ಮೊಳೆ. ಮೋಟಾರು ಇಲ್ಲ, ಬ್ಯಾಟರಿ ಇಲ್ಲ. ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಇಳಿಜಾರಿನ ಮೇಲಿಂದ ಬಿಟ್ಟರೆ ಯಾರದು ಮೊದಲು ಕೆಳಗೆ ಮುಟ್ಟುತ್ತದೋ ಅವರು ಗೆದ್ದಂತೆ.

*ನಮ್ಮ ಮನೆಯಲ್ಲಿ ಮಾಡುವುದು ಹೇಗೆ?*

1. *ಮರ:* ಹತ್ತಿರದ ಫರ್ನಿಚರ್ ಅಂಗಡಿಯ ಬಡಗಿಯನ್ನು ಕೇಳಿ. 18 ಸೆಂ.ಮೀ. ಉದ್ದ, ನಾಲ್ಕೂವರೆ ಅಗಲ, ಮೂರು ದಪ್ಪದ ಮೆತ್ತನೆ ಮರದ ಚೂರು ಕೊಡುತ್ತಾರೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರವೂ ಆದೀತು. ಆದರೆ ಅದರ ಮೇಲಿನ ಮುದ್ರೆ ನೋಡಿ. 'ಎಚ್‌ಟಿ' ಎಂದಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ತೊಂದರೆಯಿಲ್ಲ. 'ಎಂಬಿ' ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಮಕ್ಕಳ ಕೈಗೆ ಬೇಡ. ಪ್ಲೈವುಡ್, ಎಂಡಿಎಫ್ ಕೂಡ ಬೇಡ. ಅವುಗಳ ಅಂಟಿನ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ.

2. *ಆಕಾರ:* ಕಾರಿನ ಚಿತ್ರ ಮಗುವೇ ಬಿಡಿಸಲಿ. ಮುಂದೆ ಇಳಿಜಾರು, ಹಿಂದೆ ಎತ್ತರ, ಇಷ್ಟಾದರೆ ಸಾಕು. ಮರವನ್ನು ಕ್ಲಾಂಪಿನಲ್ಲಿ ಮೇಜಿಗೆ ಬಿಗಿದು ದೊಡ್ಡವರು ಗರಗಸದಲ್ಲಿ ಕೊಯ್ಯಿರಿ.

3. *ಉಜ್ಜುವುದು:* ಉಪ್ಪುಕಾಗದದಲ್ಲಿ ಮೊದಲು 80, ಆಮೇಲೆ 120, ಕೊನೆಗೆ 220 ನಂಬರು. ಇದು ಮಗುವಿನ ಕೆಲಸ. ಇಬ್ಬರಿಗೂ ಮಾಸ್ಕ್ ಇರಲಿ, ಕಿಟಕಿ ತೆರೆದಿರಲಿ. ಬಾಲ್ಕನಿಯಾದರೆ ಇನ್ನೂ ಒಳ್ಳೆಯದು.

4. *ಗಾಲಿ:* ಮುರಿದ ಆಟಿಕೆಯ ಗಾಲಿಗಳನ್ನು ಬಳಸಿ. ಊರಿಗೆ ಹೋದಾಗ ಚನ್ನಪಟ್ಟಣದಲ್ಲಿ ಇಳಿದರೆ ಅರಗಿನ ಬಣ್ಣದ ಮರದ ಗಾಲಿಗಳು ಸಿಗುತ್ತವೆಯೇ ಎಂದು ಕೇಳಿ ನೋಡಿ. ಹಾಲೆ ಮರದ ಆಟಿಕೆ ಹೇಗೆ ತಿರುಗಣಿಯಲ್ಲಿ ಹುಟ್ಟುತ್ತದೆ ಎಂದು ಮಗುವಿಗೆ ತೋರಿಸಿದ ಹಾಗೂ ಆಗುತ್ತದೆ.

5. *ಅಚ್ಚು:* ಗಾಲಿಯ ತೂತಿಗಿಂತ ಸ್ವಲ್ಪ ಸಣ್ಣ ಮೊಳೆ ತನ್ನಿ. ಮರದಲ್ಲಿ ಮೊದಲು ಮೊಳೆಗಿಂತ ಸಣ್ಣ ತೂತು ಕೊರೆಯಿರಿ, ಇಲ್ಲದಿದ್ದರೆ ಮರ ಸೀಳುತ್ತದೆ. ಮೊಳೆಯ ಮೈಯನ್ನು ನಯವಾದ ಉಪ್ಪುಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿ. 6ಬಿ ಪೆನ್ಸಿಲ್ ಕಡ್ಡಿಯ ಪುಡಿ ಸವರಿ. ಅದು ಗ್ರಾಫೈಟ್, ಎಣ್ಣೆಯ ಹಾಗೆ ಧೂಳು ಹಿಡಿಯುವುದಿಲ್ಲ. ಪೆನ್ಸಿಲಿನಲ್ಲಿ ಸೀಸ ಇರುವುದಿಲ್ಲ, ಹೆದರಬೇಡಿ.

6. *ತೂಕ:* ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 142 ಗ್ರಾಂಗೆ ಕಡಿಮೆ ಬಿದ್ದಷ್ಟಕ್ಕೆ ಹತ್ತು ರೂಪಾಯಿ ನಾಣ್ಯಗಳನ್ನು ಅಡಿಯಲ್ಲಿ, ಹಿಂದಿನ ಗಾಲಿಗಳ ಸ್ವಲ್ಪ ಮುಂದೆ ಟೇಪಿನಿಂದ ಅಂಟಿಸಿ. ಒಂದು ನಾಣ್ಯ ಸುಮಾರು 7.7 ಗ್ರಾಂ. ಇಳಿಜಾರಿನ ಮೇಲೆ ನಿಂತಾಗ ಕಾರಿನ ಹಿಂಭಾಗ ಮೇಲಿರುತ್ತದೆ. ತೂಕ ಹಿಂದಿದ್ದಷ್ಟೂ ಅದು ಹೆಚ್ಚು ಎತ್ತರದಿಂದ ಇಳಿದು ಹೆಚ್ಚು ವೇಗ ಕೊಡುತ್ತದೆ. ತೀರಾ ಹಿಂದಕ್ಕೆ ಹಾಕಿದರೆ ಮುಂದಿನ ಗಾಲಿ ಎದ್ದುಬಿಡುತ್ತದೆ. ಸೀಸದ ತುಂಡು ಮಾತ್ರ ಹಾಕಬೇಡಿ.

7. *ಬಣ್ಣ:* ಮಕ್ಕಳ ನೀರಿನ ಬಣ್ಣ ಸಾಕು. ಅಟ್ಟದ ಮೇಲಿನ ಹಳೇ ಪೇಂಟ್ ಡಬ್ಬ ತೆರೆಯಬೇಡಿ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ. ಅದಕ್ಕಿಂತ ಹಳೆಯ ಡಬ್ಬದಲ್ಲಿ ಎಷ್ಟಿದೆಯೋ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ.

ಓಡಿಸಲು ಒಂದು ಉದ್ದ ಹಲಗೆಯನ್ನು ಸೋಫಾಕ್ಕೆ ಆನಿಸಿದರಾಯಿತು. ಸೊಸೈಟಿಯ ಪಾರ್ಕಿಂಗ್ ಇಳಿಜಾರು ಬೇಡ, ನಿಜವಾದ ಕಾರು ಬರುವ ಜಾಗ ಅದು.

*ಬೇರೆ ಭಾಷೆಯ ಊರಿನಲ್ಲಿ ಇನ್ನೊಂದು ಲಾಭ*

ನಮ್ಮ ಮಕ್ಕಳ ಕನ್ನಡ ಬಹುಮಟ್ಟಿಗೆ ಊಟದ ಕನ್ನಡ, ಬೈಗುಳದ ಕನ್ನಡ. "ಉಣ್ಣು, ಮಲಕ್ಕೋ, ಫೋನ್ ಇಡು." ಒಂದು ಕಾರು ಮಾಡಿ ಮುಗಿಸುವಷ್ಟರಲ್ಲಿ ಗರಗಸ, ಉಳಿ, ಮೊಳೆ, ಅಚ್ಚು, ಗಾಲಿ, ಓರೆ, ನುಣುಪು, ಒರಟು ಎಲ್ಲವೂ ಬಾಯಿಗೆ ಬರುತ್ತವೆ. ಪುಣೆಯಲ್ಲಿ ಖಿಳಾ, ಚೆನ್ನೈನಲ್ಲಿ ಆಣಿ, ಹೈದರಾಬಾದಿನಲ್ಲಿ ಮೇಕು, ದೆಹಲಿಯಲ್ಲಿ ಕೀಲ್, ನಮ್ಮಲ್ಲಿ ಮೊಳೆ. ಅಂಗಡಿಗೆ ಮಗುವನ್ನೇ ಮುಂದೆ ಬಿಡಿ. ಅಲ್ಲಿಯ ಭಾಷೆಯಲ್ಲಿ ಕೇಳಿ ತಂದು, ಮನೆಯಲ್ಲಿ ಕನ್ನಡದ ಹೆಸರು ಹೇಳಲಿ.

*ಹೃದಯರೋಗಿಗಳು ಗಮನಿಸಬೇಕಾದದ್ದು*

ಇದು ವ್ಯಾಯಾಮದ ಬದಲಿಗೆ ಅಲ್ಲ. ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆ ಹಾಗೇ ಇರಲಿ. ಮರದ ಕಾರು ಮಾಡಿದರೆ ಬ್ಲಾಕ್ ಕರಗುತ್ತದೆ ಎಂದು ನಾಳೆ ಯಾರಾದರೂ ಫಾರ್ವರ್ಡ್ ಮಾಡಿದರೆ ನಂಬಬೇಡಿ. ಅದು ನಾನು ಬರೆದದ್ದಲ್ಲ.

• *ಯಾವಾಗ ಶುರು ಮಾಡಬಹುದು?* ಉಜ್ಜುವುದು, ಬಣ್ಣ ಹಚ್ಚುವುದು ಸಾಧಾರಣ ನಡಿಗೆಗಿಂತ ಹೆಚ್ಚಿನ ಶ್ರಮವಲ್ಲ. ನಿಮ್ಮ ವೈದ್ಯರು ಹೊರಗೆ ನಡೆಯಲು ಹೇಳಿದ ಮೇಲೆ ಅವರನ್ನು ಕೇಳಿ ಶುರು ಮಾಡಿ. ಮಣಿಕಟ್ಟಿನ ಮೂಲಕ ಆಂಜಿಯೋಪ್ಲಾಸ್ಟಿ ಆಗಿದ್ದರೆ ಸುಮಾರು ಒಂದು ವಾರ ಆ ಕೈಗೆ ಭಾರದ ಕೆಲಸ ಬೇಡ.

• *ಬೈಪಾಸ್ ಆದವರು:* ಎದೆಮೂಳೆ ಕೂಡಿಕೊಳ್ಳಲು ಎರಡರಿಂದ ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಗರಗಸ ಎಳೆಯುವುದು, ಜೋರಾಗಿ ಸುತ್ತಿಗೆ ಬಡಿಯುವುದು ಬೇಡ. ಕೂತು ಬಣ್ಣ ಹಚ್ಚಿ, ಮಾರ್ಗದರ್ಶನ ಮಾಡಿ. ಗರಗಸವನ್ನು ಮಗುವಿನ ಸೋದರಮಾವನಿಗೆ ಕೊಡಿ.

• *ಉಸಿರು ಕಟ್ಟಬೇಡಿ:* ಗಟ್ಟಿ ಮರ ಕೊಯ್ಯುವಾಗ ನಾವು ಅರಿವಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ. ಆಗ ಬಿಪಿ ಏರುತ್ತದೆ. ಮಗುವಿನ ಜೊತೆ ಮಾತಾಡುತ್ತಾ ಕೆಲಸ ಮಾಡಿ. ಮಾತಾಡಲು ಏದುಸಿರು ಬಂದರೆ ನಿಲ್ಲಿಸಿ.

• *ರಕ್ತ ತೆಳುವಾಗಿಸುವ ಮಾತ್ರೆ:* ಸ್ಟೆಂಟ್ ಆದವರು ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್ ತೆಗೆದುಕೊಳ್ಳುತ್ತಾರೆ. ಸಣ್ಣ ಗಾಯವೂ ಹೆಚ್ಚು ಹೊತ್ತು ಸೋರುತ್ತದೆ. ಶುಭ್ರ ಬಟ್ಟೆಯಿಂದ ಹತ್ತು ನಿಮಿಷ, ನಡುವೆ ಎತ್ತಿ ನೋಡದೆ, ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. *ಗಾಯವಾಯಿತೆಂದು ಆ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.* ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ಎಂದು ನೆನಪಿಸಿಕೊಂಡು ವೈದ್ಯರನ್ನು ನೋಡಿ.

• *ಪೇಸ್‌ಮೇಕರ್, ಐಸಿಡಿ ಇರುವವರು:* ಕರೆಂಟಿನ ಡ್ರಿಲ್ ಮತ್ತು ಯಾವುದೇ ಅಯಸ್ಕಾಂತವನ್ನು ಎದೆಯ ಸಾಧನದಿಂದ ಕನಿಷ್ಠ 15 ಸೆಂ.ಮೀ. ದೂರ ಇಡಿ. ಡ್ರಿಲ್ಲನ್ನು ಎದೆಗೆ ಆನಿಸಿ ಒತ್ತಬೇಡಿ.

• *ಥಟ್ಟನೆ ಏಳಬೇಡಿ:* ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ನೆಲದಿಂದ ಒಮ್ಮೆಲೇ ಎದ್ದರೆ ಕಣ್ಣು ಕತ್ತಲೆ ಬರಬಹುದು. ಮೇಜು ಕುರ್ಚಿ ಬಳಸಿ.

*ಮಕ್ಕಳ ಸುರಕ್ಷತೆ*

ಐದಾರು ವರ್ಷದವರಿಗೆ ಉಜ್ಜುವುದು, ಬಣ್ಣ. ಏಳರಿಂದ ಒಂಬತ್ತರವರೆಗೆ ಸಣ್ಣ ಸುತ್ತಿಗೆ ಕೊಡಬಹುದು. ಮೊಳೆಯನ್ನು ಬೆರಳಲ್ಲಲ್ಲ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಹಿಡಿಯಲಿ. ಹತ್ತು ದಾಟಿದವರು ನೀವು ಪಕ್ಕದಲ್ಲಿದ್ದಾಗ ಮಾತ್ರ ಗರಗಸ ಹಿಡಿಯಲಿ. ಕರೆಂಟಿನ ಉಪಕರಣ ಮಕ್ಕಳಿಗೆ ಬೇಡ. ಕಾರಿಗೆ ಲೈಟು ಹಾಕುವ ಆಸೆಯಿಂದ ಗುಂಡಿ ಬ್ಯಾಟರಿ ತರಬೇಡಿ. ಚಿಕ್ಕ ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ತುರ್ತು ಚಿಕಿತ್ಸೆಗೆ ಓಡಿ. ಮೊಳೆ, ನಾಣ್ಯ ಕೂಡ ಮನೆಯ ಕೂಸಿನ ಕೈಗೆ ಸಿಗದಂತೆ ಇಡಿ.

*ಇನ್ನು ಆ ಅಪ್ಪ ಮಗಳ ಕಥೆಗೆ ಬರೋಣ*

ಮೊದಲ ಭಾನುವಾರ ಮಗಳು ದೂರ ನಿಂತೇ ನೋಡಿದಳಂತೆ. ಅಪ್ಪ ಕರೆಯಲಿಲ್ಲ, ಸುಮ್ಮನೆ ಉಜ್ಜುತ್ತಾ ಕೂತರು. ಹತ್ತು ನಿಮಿಷಕ್ಕೆ "ನೀವು ಅಡ್ಡ ಉಜ್ಜಾಕತ್ತೀರಿ, ಗೆರಿ ಬೀಳಾಕತ್ತಾವ" ಎಂದು ಹತ್ತಿರ ಬಂದು ಕಾಗದ ಕಿತ್ತುಕೊಂಡಳಂತೆ. ಮೂರನೇ ಭಾನುವಾರ ಇಬ್ಬರೂ ಅಕ್ಕಪಕ್ಕ ಕೂತು ಮೊಳೆ ಉಜ್ಜುತ್ತಿದ್ದರು. ತಲೆ ಎತ್ತದೆಯೇ ಅವಳು ಕೇಳಿದಳು:

"ಅಪ್ಪಾ, ಅವತ್ತು ನಾ ನಿಮ್ಮ ಎದಿ ಮ್ಯಾಲೆ ಕುಂತಿದ್ದೆನಲ್ಲ, ಅದಕ್ಕ ಹಿಂಗಾತೇನು?"

ಆರು ವಾರ, ಅದರ ಮೇಲೆ ಮೂರು ವಾರ. ಒಂಬತ್ತು ವಾರ ಆ ಮಗು ಈ ಪ್ರಶ್ನೆಯನ್ನು ಒಬ್ಬಳೇ ಹೊತ್ತುಕೊಂಡು ಶಾಲೆಗೆ ಹೋಗಿ ಬಂದಿದ್ದಳು. ಹೃದಯಾಘಾತ ಆದದ್ದು ಅಪ್ಪನಿಗೆ, ಅಪರಾಧಿ ತಾನು ಎಂದುಕೊಂಡು.

ಇದು ಅಪರೂಪವಲ್ಲ. ಮನೆಯಲ್ಲಿ ದೊಡ್ಡವರಿಗೆ ಕಾಯಿಲೆಯಾದಾಗ ಚಿಕ್ಕ ಮಕ್ಕಳು "ನಾನು ಹಟ ಮಾಡಿದ್ದಕ್ಕೆ", "ನಾನು ಸುಳ್ಳು ಹೇಳಿದ್ದಕ್ಕೆ" ಎಂದುಕೊಳ್ಳುವುದು ಸಾಮಾನ್ಯ. ಎದುರು ಕೂರಿಸಿಕೊಂಡು "ಯಾಕೆ ಹೀಗಿದ್ದೀಯಾ?" ಎಂದರೆ ಬಾಯಿ ಬಿಡುವುದಿಲ್ಲ. ಕೈಗೆ ಕೆಲಸವಿದ್ದು, ಕಣ್ಣಿಗೆ ಕಣ್ಣು ಕೊಡುವ ಒತ್ತಾಯ ಇಲ್ಲದಾಗ ತಾನಾಗಿ ಹೊರಬರುತ್ತದೆ. ಫೋನನ್ನು ಬೇರೆ ಕೋಣೆಯಲ್ಲಿಟ್ಟು ಒಂದು ಗಂಟೆ ಪಕ್ಕದಲ್ಲಿ ಕೂತರೆ ಸಾಕು. ನಾನು ಚಿತ್ರ ಬಿಡಿಸಿ ಕೊಟ್ಟದ್ದು ಇಷ್ಟಕ್ಕೇ.

*ಮಗು ಕೇಳಿದರೆ ಏನು ಹೇಳಬೇಕು?*

ಆ ಅಪ್ಪ ಸರಿಯಾಗಿಯೇ ಹೇಳಿದರು. ಮೊಳೆ ತೋರಿಸಿ, "ಇದು ಒರಟಿದ್ದರ ಗಾಲಿ ತಿರುಗೂದಿಲ್ಲ ಹೌದಲ್ಲ? ಹಂಗ ನನ್ನ ಎದಿಯೊಳಗಿನ ಕೊಳವಿ ಒಳಗ ಕೊಬ್ಬು ಕೂತು ಒರಟಾಗಿತ್ತು. ಅದಕ್ಕ ಭಾಳ ವರ್ಷ ಬೇಕಾಗತೈತಿ. ನಾ ಸಿಗರೇಟ್ ಸೇದತಿದ್ದೆ, ಅದು ನನ್ನ ತಪ್ಪು, ನಿಂದಲ್ಲ" ಎಂದರಂತೆ.

ನೀವೂ ಈ ನಾಲ್ಕು ಮಾತು ಹೇಳಿ:

• ಇದು ನಿನ್ನಿಂದ ಆದದ್ದಲ್ಲ. ಆಟ, ಗಲಾಟೆ, ಜಗಳ, ಮಾರ್ಕ್ಸು ಯಾವುದರಿಂದಲೂ ಕೊಳವೆಯಲ್ಲಿ ಕೊಬ್ಬು ಕೂರುವುದಿಲ್ಲ.
• ಇದು ಅಂಟುರೋಗವಲ್ಲ. ಮುಟ್ಟಬಹುದು, ತಬ್ಬಿಕೊಳ್ಳಬಹುದು.
• ಸ್ಟೆಂಟ್ ಎಂದರೆ ಬಾಲ್‌ಪೆನ್ನಿನ ಸ್ಪ್ರಿಂಗ್‌ನಂಥ ಪುಟ್ಟ ಜಾಳಿಗೆ. ಎದೆಯ ಮೇಲೆ ಕೂತರೆ ಅದು ಜಾರುವುದಿಲ್ಲ, ಮುರಿಯುವುದಿಲ್ಲ. (ಬೈಪಾಸ್ ಆದವರು ಮಾತ್ರ ಮೂಳೆ ಕೂಡುವವರೆಗೆ ಕಾಯಬೇಕು.)
• ಈಗ ಮಾತ್ರೆ, ನಡಿಗೆ, ಊಟ ಎಲ್ಲ ಸರಿಯಾಗಿ ನೋಡಿಕೊಳ್ಳುತ್ತಿದ್ದೇನೆ. ಮತ್ತೆ ಏನಾದರೂ ಆದರೆ ಏನು ಮಾಡಬೇಕು ಎಂದು ನಮ್ಮೆಲ್ಲರಿಗೂ ಗೊತ್ತಿದೆ.

"ಏನೂ ಆಗುವುದೇ ಇಲ್ಲ" ಎಂದು ಸುಳ್ಳು ಭರವಸೆ ಕೊಡಬೇಡಿ. ಮಕ್ಕಳಿಗೆ ಅದು ತಿಳಿಯುತ್ತದೆ.

*ಇದೊಂದನ್ನು ಇವತ್ತೇ ಕಲಿಸಿ*

ಊರಲ್ಲಾದರೆ ಕೂಗಿದರೆ ನಾಲ್ಕು ಜನ ಬರುತ್ತಾರೆ. ಇಲ್ಲಿ ಮುಚ್ಚಿದ ಬಾಗಿಲುಗಳ ನಡುವೆ, ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಸ್ಥಳೀಯ ಭಾಷೆ ಬರುವುದಿಲ್ಲ. ಬರುವುದು ಮಗುವಿಗೆ. ದೇಶಾದ್ಯಂತ ತುರ್ತು ನಂಬರು 112. ಮಗು ತನ್ನ ಹೆಸರು, ಕಟ್ಟಡದ ಹೆಸರು, ಮಹಡಿ, ಹತ್ತಿರದ ಗುರುತು, "ಅಪ್ಪನಿಗೆ ಎದೆನೋವು" ಎಂಬಷ್ಟನ್ನು ಮರಾಠಿ, ತಮಿಳು, ತೆಲುಗು, ಹಿಂದಿ ಯಾವುದು ಬೇಕೋ ಅದರಲ್ಲಿ ಹೇಳಲು ಕಲಿಯಲಿ. ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಹೀಗೆ ಕಲಿಸಿದರೆ ಮಗು ಹೆದರುತ್ತದೆ ಎಂದುಕೊಳ್ಳಬೇಡಿ. ಏನು ಮಾಡಬೇಕೆಂದು ಗೊತ್ತಿದ್ದ ಮಗುವಿಗೆ ಹೆದರಿಕೆ ಕಡಿಮೆ.

ಎದೆ ಒತ್ತಿದ ಹಾಗೆ ಭಾರ, ತಣ್ಣನೆ ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು, ಉಸಿರಾಟದ ಕಷ್ಟ ಬಂದರೆ ಗ್ಯಾಸ್ ಎಂದು ಜೀರಿಗೆ ನೀರು ಕುಡಿದು ಮಲಗಬೇಡಿ. ಕೆಲಸ ನಿಲ್ಲಿಸಿ ಕೂತುಕೊಳ್ಳಿ, ಕರೆ ಮಾಡಿಸಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.

ಇನ್ನೊಂದು ಮಾತು. ಹೃದಯಾಘಾತ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ನಿದ್ರೆ ಬರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಮಾತ್ರೆ ನುಂಗಲೂ ಬೇಸರ ಎರಡು ವಾರ ಮೀರಿದರೆ ವೈದ್ಯರಿಗೆ ಹೇಳಿ. ಅದಕ್ಕೆ ಕಾರು ಸಾಲದು, ಚಿಕಿತ್ಸೆಯೇ ಬೇಕು. ಚಿಕಿತ್ಸೆ ಇದೆ.

ಮೂರು ತಿಂಗಳ ನಂತರ ಅವರು ಬಂದರು, ಮಗಳೂ ಬಂದಿದ್ದಳು. ನನ್ನ ಮೇಜಿನ ಮೇಲೆ ಹಳದಿ ಕೆಂಪು ಬಣ್ಣದ ಕಾರು ಇಟ್ಟಳು. ನೋಡಿದರೆ ಮುಂದಿನ ಒಂದು ಗಾಲಿ ನೆಲಕ್ಕೆ ತಾಗುತ್ತಿರಲಿಲ್ಲ. "ಅಪ್ಪ ಒಂದ್ ಮೊಳಿ ಮ್ಯಾಲೆ ಹೊಡದಾರ" ಎಂದು ದೂರು ಹೇಳಿದಳು. ಅಮೆರಿಕದಲ್ಲಿ ಘರ್ಷಣೆ ಕಡಿಮೆಯಾಗಲಿ ಎಂದು ಕೆಲವರು ಬೇಕೆಂದೇ ಒಂದು ಗಾಲಿ ಎತ್ತರಿಸುತ್ತಾರೆ, ಹಾಗೆ ಮಾಡಿದ ಕಾರು ಜೋರಾಗಿ ಓಡುತ್ತದೆ ಎಂದು ಹೇಳಿದೆ. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಮೀಸೆ ತಿರುವಿದರು. "ಸುಳ್ಳು, ನಿಮಗ ಗೊತ್ತ ಇರಲಿಲ್ಲ!" ಎಂದು ಅವರ ತೊಡೆಯ ಮೇಲೆ ಹತ್ತಿ ಕೂತು ಎದೆಗೆ ಗುದ್ದಿದಳು.

ಅವರು ಅಲ್ಲಾಡಲಿಲ್ಲ. ನಾನೂ ಬೇಡ ಎನ್ನಲಿಲ್ಲ.

ಬರುವ ಭಾನುವಾರ ನೀವೂ ಒಂದು ಮರದ ಚೂರು ತನ್ನಿ.

(ಇದು ಸಾಮಾನ್ಯ ಮಾಹಿತಿ. ನಿಮ್ಮ ಔಷಧ, ವಿಶ್ರಾಂತಿ, ಕೆಲಸದ ಬಗ್ಗೆ ನಿಮ್ಮ ವೈದ್ಯರ ಮಾತೇ ಅಂತಿಮ. ಉಪಯೋಗವೆನಿಸಿದರೆ ಮನೆಯವರಿಗೆ, ಸ್ನೇಹಿತರಿಗೆ ಕಳಿಸಿ.)